ಬೈಗುಳವನ್ನು ಕಳಚಿ ಹೆಸರನ್ನು ಪಡೆದವರು: ಮಾಲಿಕ್ ಶಹಬಾಝ್

ಒಬ್ಬ ಮನುಷ್ಯನಿಗೆ ಒಂದೇ ಆಯುಷ್ಯದಲ್ಲಿ ಎಷ್ಟು ಹೆಸರು? ಅಮೇರಿಕದ ಕರಿಯ ಮುಸ್ಲಿಮ್ ನಾಯಕ ಮಾಲ್ಕಮ್ ಎಕ್ಸ್‌ರ ಬದುಕನ್ನು ಅವರ ಹೆಸರುಗಳ ಮೂಲಕವೇ ಹೇಳಬಹುದು. ಹೆತ್ತವರು ಇಟ್ಟದ್ದು ಮಾಲ್ಕಮ್ ಲಿಟ್ಲ್. ಬೀದಿ ಕೊಟ್ಟದ್ದು ಡೆಟ್ರಾಯಿಟ್ ರೆಡ್. ಜಗತ್ತು ಗುರುತಿಸಿದ್ದು ಮಾಲ್ಕಮ್ ಎಕ್ಸ್ ಎಂದು. ಕೊನೆಗೆ ಅವರು ಹೊತ್ತು ನಡೆದದ್ದು ಅಲ್‌ಹಾಜ್ ಮಾಲಿಕ್ ಶಹಬಾಝ್ ಎಂಬ ಹೆಸರನ್ನು.

ಇವೆಲ್ಲದರ ನಡುವೆ, ಅವರು ಬೇಡವೆಂದರೂ ಅಂಟಿಕೊಂಡಿದ್ದ ಇನ್ನೊಂದು ಪದವಿತ್ತು. ಬಿಳಿಯ ಒಡೆಯರು ಗುಲಾಮರನ್ನು ಹೀಯಾಳಿಸಲು ಬಳಸುತ್ತಿದ್ದ ಬೈಗುಳವದು. ಅದನ್ನು ನಾವಿಲ್ಲಿ ಅಚ್ಚಿಸುವುದಿಲ್ಲ. ಇಂಗ್ಲಿಷಿನ ಎನ್ ಅಕ್ಷರದಿಂದ ಆರಂಭವಾಗುವ ಆ ಪದವನ್ನು ಬಲ್ಲವರು ಬಲ್ಲರು. ಅದರ ಮೂಲದಲ್ಲಿರುವುದು ಕಪ್ಪು ಎಂಬ ಅರ್ಥ ಮಾತ್ರ. ಆದರೆ ಚಾಟಿಯೇಟಿನೊಂದಿಗೆ, ಸಂತೆಯಲ್ಲಿ ಮನುಷ್ಯರನ್ನು ಹರಾಜು ಹಾಕಿದ ಕೂಗಿನೊಂದಿಗೆ ಬೆರೆತು ಅದು ವಿಷವಾಯಿತು.

ಮಾಲ್ಕಮ್ ಹುಟ್ಟಿದ್ದು 1925ರ ಮೇ 19ರಂದು, ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ. ತಂದೆ ಅರ್ಲ್ ಲಿಟ್ಲ್ ಕ್ರೈಸ್ತ ಬೋಧಕರು. ಕರಿಯರು ತಲೆಯೆತ್ತಿ ಬದುಕಬೇಕೆಂದು ಸಾರಿದ ಮಾರ್ಕಸ್ ಗಾರ್ವಿಯ ಅನುಯಾಯಿ. ತಾಯಿ ಲೂಯಿಸ್ ಕೆರಿಬಿಯನ್ ದ್ವೀಪ ಗ್ರೆನಡಾದವರು. 1929ರಲ್ಲಿ ಮಿಷಿಗನ್‌ನ ಲಾನ್ಸಿಂಗ್‌ನಲ್ಲಿದ್ದ ಅವರ ಮನೆ ಬೆಂಕಿಗೆ ಆಹುತಿಯಾಯಿತು. 1931ರಲ್ಲಿ ತಂದೆ ಟ್ರಾಮಿನಡಿಗೆ ಸಿಕ್ಕಿ ಮರಣ ಹೊಂದಿದರು. ಬಿಳಿಯ ದ್ವೇಷಿಗಳೇ ಅವರನ್ನು ಕೊಂದರೆಂದು ಕುಟುಂಬ ನಂಬಿತ್ತು. ಬಡತನ ಮತ್ತು ಒಂಟಿತನದಿಂದ ಜರ್ಜರಿತರಾದ ತಾಯಿ ಮಾನಸಿಕ ಆಸ್ಪತ್ರೆ ಸೇರಿದರು. ಮಕ್ಕಳು ಚೆಲ್ಲಾಪಿಲ್ಲಿಯಾದರು.

ಬಾಲಕ ಮಾಲ್ಕಮ್‌ನನ್ನು ಮೇಸನ್ ಎಂಬ ಊರಿನ ಬಾಲಗೃಹದಲ್ಲಿ ಇರಿಸಲಾಯಿತು. ಅದನ್ನು ನಡೆಸುತ್ತಿದ್ದ ಬಿಳಿಯ ದಂಪತಿ ಅವನಿಗೆ ಊಟ, ಬಟ್ಟೆ, ಅಕ್ಕರೆ ಎಲ್ಲವನ್ನೂ ಕೊಟ್ಟರು. ಆದರೆ ಅವನೆದುರಿಗೇ ಕರಿಯರ ಬಗ್ಗೆ ಮಾತಾಡುವಾಗ ಆ ಬೈಗುಳವನ್ನು ಸಲೀಸಾಗಿ ಬಳಸುತ್ತಿದ್ದರು. ಅವರಿಗೆ ದ್ವೇಷವಿರಲಿಲ್ಲ, ಬೇಸರಪಡಿಸುವ ಉದ್ದೇಶವೂ ಇರಲಿಲ್ಲ. ಮನೆಯಲ್ಲಿ ಸಾಕಿದ ಪ್ರಾಣಿಗೆ ನಮ್ಮ ಮಾತು ತಿಳಿಯದೆಂದು ನಾವು ಭಾವಿಸುವುದಿಲ್ಲವೇ? ಹಾಗೆಯೇ ಅವರೂ ಭಾವಿಸಿದ್ದರು. ಮಾಲ್ಕಮ್ ಮುಂದೆ ತನ್ನ ಆತ್ಮಕಥೆಯಲ್ಲಿ ಇದನ್ನು ಎತ್ತಿ ಹೇಳಿದರು. ಕೆಡುಕಿನ ಉದ್ದೇಶವಿಲ್ಲದ ಮಾತು ಕೂಡಾ ಮಗುವಿನ ಮನಸ್ಸನ್ನು ಇರಿಯಬಲ್ಲದು.

ಶಾಲೆಯಲ್ಲಿ ಅವನು ಜಾಣ. ಸಹಪಾಠಿಗಳು ತರಗತಿಯ ನಾಯಕನನ್ನಾಗಿಯೂ ಆರಿಸಿದ್ದರು. ಒಂದು ದಿನ ಅವನ ಮೆಚ್ಚಿನ ಅಧ್ಯಾಪಕರೊಬ್ಬರು ಮುಂದೇನಾಗುವೆ ಎಂದು ಕೇಳಿದರು. ವಕೀಲನಾಗುವೆನೆಂದು ಹುಡುಗ ಹೇಳಿದ. ಅಧ್ಯಾಪಕರು ಅದೇ ಬೈಗುಳವನ್ನು ಬಳಸಿ, ಅಂಥವರಿಗೆ ಅದು ಸಲ್ಲದು, ಬಡಗಿಯ ಕೆಲಸ ಕಲಿತುಕೋ ಎಂದು ಬುದ್ಧಿ ಹೇಳಿದರು. ತನಗಿಂತ ಕಡಿಮೆ ಅಂಕ ಪಡೆದ ಬಿಳಿಯ ಹುಡುಗರನ್ನು ಅದೇ ಅಧ್ಯಾಪಕರು ಹುರಿದುಂಬಿಸಿದ್ದು ಅವನಿಗೆ ತಿಳಿದಿತ್ತು. ಅಂದಿನಿಂದ ಅವನ ಮನಸ್ಸು ಒಡೆಯಿತು.

1941ರಲ್ಲಿ ಅವನು ಬೋಸ್ಟನ್‌ಗೆ ಹೋದ. ಬಳಿಕ ನ್ಯೂಯಾರ್ಕಿನ ಹಾರ್ಲೆಮ್. ಅಲ್ಲಿ ಜೂಜು, ಮಾದಕ ವಸ್ತು, ಕಳ್ಳತನ. ಬಿಳಿಯರಂತೆ ಕಾಣಬೇಕೆಂದು ತಲೆ ಸುಡುವ ಔಷಧಿ ಹಚ್ಚಿ ಗುಂಗುರು ಕೂದಲನ್ನು ನೇರ ಮಾಡಿಕೊಂಡ. ಆ ಬೀದಿಗಳಲ್ಲಿ ಕರಿಯರೇ ಕರಿಯರನ್ನು ಆ ಬೈಗುಳದಿಂದ ಕರೆಯುತ್ತಿದ್ದರು. ಒಮ್ಮೆ ಸಿಟ್ಟಿನಿಂದ, ಒಮ್ಮೆ ಸಲಿಗೆಯಿಂದ. ಅವನ ಬಾಯಲ್ಲೂ ಆ ಪದ ಬರುತ್ತಿತ್ತು. ತನ್ನನ್ನು ಮುರಿದ ಪದವನ್ನೇ ತನ್ನವರಿಗೆ ಎಸೆಯುತ್ತಿದ್ದೇನೆಂಬ ಅರಿವು ಆಗ ಅವನಿಗಿರಲಿಲ್ಲ.

1946ರಲ್ಲಿ ಕಳ್ಳತನಕ್ಕಾಗಿ ಜೈಲಾಯಿತು. ಅಲ್ಲಿ ಅವರು ಪದಕೋಶವನ್ನು ಪುಟ ಪುಟವಾಗಿ ನಕಲು ಮಾಡಿ ಓದು ಕಲಿತರು. ಬಿಳಿ ಎಂಬ ಪದಕ್ಕೆ ಶುದ್ಧತೆಯ ಅರ್ಥಗಳು, ಕಪ್ಪು ಎಂಬುದಕ್ಕೆ ಕೊಳಕಿನ ಅರ್ಥಗಳು ಏಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಸಹೋದರ ಸಹೋದರಿಯರ ಪತ್ರಗಳ ಮೂಲಕ ನೇಷನ್ ಆಫ್ ಇಸ್ಲಾಮ್ ಎಂಬ ಪಂಗಡದ ಪರಿಚಯವಾಯಿತು. 1952ರಲ್ಲಿ ಬಿಡುಗಡೆ ಹೊಂದಿದ ಬಳಿಕ ಲಿಟ್ಲ್ ಎಂಬ ಹೆಸರನ್ನು ಕಳಚಿದರು. ಅದು ಪೂರ್ವಜರನ್ನು ಕೊಂಡ ಒಡೆಯನ ಹೆಸರು. ನಿಜವಾದ ಆಫ್ರಿಕನ್ ಹೆಸರು ಕಳೆದುಹೋಗಿದೆ. ಆ ತಿಳಿಯದ ಹೆಸರಿನ ಗುರುತೇ ಎಕ್ಸ್. ಆಗ ಸಭ್ಯವೆಂದು ಎಲ್ಲರೂ ಬಳಸುತ್ತಿದ್ದ ನೀಗ್ರೋ ಎಂಬ ಪದವನ್ನೂ ಅವರು ಒಪ್ಪಲಿಲ್ಲ. ಅದು ಹೊರಗಿನವರು ಇಟ್ಟ ಗುರುತು ಎಂಬುದು ಅವರ ವಾದವಾಗಿತ್ತು.

ಒಮ್ಮೆ ಕರಿಯ ಪ್ರಾಧ್ಯಾಪಕರೊಬ್ಬರು ತನ್ನ ವಿದ್ಯೆಯ ಬಲದಿಂದ ಅವರನ್ನು ಖಂಡಿಸಿದರು. ಡಾಕ್ಟರೇಟ್ ಪಡೆದ ಕರಿಯನನ್ನು ಬಿಳಿಯ ಜನಾಂಗದ್ವೇಷಿಗಳು ಏನೆಂದು ಕರೆಯುತ್ತಾರೆಂದು ಮಾಲ್ಕಮ್ ಕೇಳಿದರು. ಪ್ರಾಧ್ಯಾಪಕರಿಗೆ ಉತ್ತರ ಹೊಳೆಯಲಿಲ್ಲ. ಆಗ ಮಾಲ್ಕಮ್ ಅದೇ ಬೈಗುಳವನ್ನು ಉಚ್ಚರಿಸಿದರು. ಈಗ ಅದು ಸಲಿಗೆಯ ಮಾತಾಗಿರಲಿಲ್ಲ, ಸಮಾಜಕ್ಕೆ ಹಿಡಿದ ಕನ್ನಡಿಯಾಗಿತ್ತು.

ಆದರೆ ಒಂದು ಸತ್ಯವನ್ನು ಮರೆಮಾಚಬಾರದು. ಆ ಪಂಗಡ ಇಸ್ಲಾಮಿನ ಹೆಸರು ಹೊತ್ತಿದ್ದರೂ ಅದರ ನಂಬಿಕೆಗಳು ಇಸ್ಲಾಮಿನಿಂದ ದೂರವಿದ್ದವು. ಬಿಳಿಯರೆಲ್ಲ ಹುಟ್ಟಾ ಪಿಶಾಚಿಗಳೆಂದು ಅದು ಕಲಿಸುತ್ತಿತ್ತು. ಮಾಲ್ಕಮ್ ಅದನ್ನೇ ಸಾರಿದರು. ತನ್ನ ಜನಾಂಗವನ್ನು ಹಳಿದ ಪದಕ್ಕೆ ಇನ್ನೊಂದು ಜನಾಂಗವನ್ನು ಹಳಿಯುವ ಪದವೇ ಅವರ ಉತ್ತರವಾಯಿತು. ಕರಿಯರಿಗಾಗಿ ತಾನೇನು ಮಾಡಬಹುದೆಂದು ಕೇಳಿ ಬಂದ ಬಿಳಿಯ ವಿದ್ಯಾರ್ಥಿನಿಯೊಬ್ಬಳನ್ನು ಏನೂ ಇಲ್ಲವೆಂದು ಹೇಳಿ ಕಳುಹಿಸಿದರು. ಕೊನೆಯ ದಿನಗಳಲ್ಲಿ ಅವರು ಇದನ್ನು ನೆನೆದು ಪಶ್ಚಾತ್ತಾಪಪಟ್ಟರು.

1964ರ ಮಾರ್ಚ್‌ನಲ್ಲಿ ಅವರು ಆ ಪಂಗಡವನ್ನು ತೊರೆದರು. ಏಪ್ರಿಲ್‌ನಲ್ಲಿ ಹಜ್ಜ್‌ಗೆ ಹೊರಟರು. ಅಲ್ಲಿ ಎರಡು ತುಂಡು ಬಿಳಿ ವಸ್ತ್ರ ಧರಿಸಿದವರ ನಡುವೆ ಯಾರು ಅರಸ, ಯಾರು ಆಳು? ನೀಲಿ ಕಣ್ಣಿನ ಬಿಳಿಯರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಸಾಲಿನಲ್ಲಿ ನಿಂತು ನಮಾಝ್ ಮಾಡಿದರು. ಯಾರ ಕಣ್ಣಿನಲ್ಲೂ ಆ ಬೈಗುಳ ಕಾಣಲಿಲ್ಲ. ದೋಷವಿರುವುದು ಚರ್ಮದಲ್ಲಲ್ಲ, ಮನೋಭಾವದಲ್ಲಿ ಎಂಬುದನ್ನು ಕಂಡು, ಅದನ್ನು ಪತ್ರಗಳಲ್ಲಿ ಬರೆದು ಅಮೇರಿಕಕ್ಕೆ ಕಳುಹಿಸಿದರು. ಬಳಿಕ ನೈಜೀರಿಯಾದ ಇಬಾದಾನ್ ವಿಶ್ವವಿದ್ಯಾನಿಲಯದ ಮುಸ್ಲಿಮ್ ವಿದ್ಯಾರ್ಥಿಗಳು ಅವರಿಗೆ ಒಮೊವಾಲೆ ಎಂಬ ಹೆಸರಿಟ್ಟರು. ಯೊರೂಬಾ ಭಾಷೆಯಲ್ಲಿ ಅದಕ್ಕೆ ಮನೆಗೆ ಮರಳಿದ ಮಗ ಎಂದರ್ಥ. ಹೆಸರು ಕಳೆದುಕೊಂಡವರಿಗೆ ಪೂರ್ವಜರ ನೆಲ ಹೆಸರು ಕೊಟ್ಟಿತು.

1965ರ ಫೆಬ್ರವರಿ 21ರಂದು ಹಾರ್ಲೆಮ್‌ನ ಬಳಿಯ ಆಡುಬಾನ್ ಸಭಾಂಗಣದಲ್ಲಿ ಮಾತನಾಡಲು ನಿಂತಾಗ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಆಗ ಅವರಿಗೆ 39 ವರ್ಷ.

ಆ ಪದದ ಕುರಿತ ವಿವಾದ ಮಾತ್ರ ಅವರೊಂದಿಗೆ ಮಣ್ಣಾಗಲಿಲ್ಲ. ಕರಿಯ ಹಾಸ್ಯ ಕಲಾವಿದ ರಿಚರ್ಡ್ ಪ್ರಯರ್ 1970ರ ದಶಕದಲ್ಲಿ ಅದನ್ನು ವೇದಿಕೆಯ ಮೇಲೆ ಧಾರಾಳವಾಗಿ ಬಳಸಿದರು. 1979ರಲ್ಲಿ ಕೀನ್ಯಾಕ್ಕೆ ಹೋಗಿ ಬಂದ ಮೇಲೆ ಇನ್ನು ಬಳಸೆನೆಂದು ನಿರ್ಧರಿಸಿದರು. ಬಳಿಕ ಬಂದ ರ್‍ಯಾಪ್ ಸಂಗೀತ ಅದನ್ನು ಜಗತ್ತಿಗೆಲ್ಲಾ ಹರಡಿತು. ಶತ್ರುವಿನ ಕೈಯ ಕತ್ತಿಯನ್ನು ಕಸಿದು ಮೊಂಡು ಮಾಡಿದ್ದೇವೆ, ನಮ್ಮೊಳಗೆ ಅದು ಗೆಳೆತನದ ಕರೆ ಎಂದು ಬಳಸುವವರು ವಾದಿಸುತ್ತಾರೆ. ಗುಂಪುಗಳು ಕರಿಯರನ್ನು ಮರಕ್ಕೆ ನೇತುಹಾಕುವಾಗ ಕೂಗಿದ ಪದವದು, ಅದನ್ನು ತೊಳೆದು ಶುದ್ಧಗೊಳಿಸಲಾಗದು ಎಂದು ವಿರೋಧಿಸುವವರು ಹೇಳುತ್ತಾರೆ. 2007ರ ಜುಲೈಯಲ್ಲಿ ಕರಿಯರ ಹಳೆಯ ಹಕ್ಕು ಸಂಘಟನೆಯಾದ ಎನ್.ಎ.ಎ.ಸಿ.ಪಿ. ಆ ಪದಕ್ಕೆ ಶವಪೆಟ್ಟಿಗೆ ಮಾಡಿ ಸಾಂಕೇತಿಕ ಅಂತ್ಯಕ್ರಿಯೆ ನಡೆಸಿತು. ನಡೆದದ್ದು ಡೆಟ್ರಾಯಿಟ್ ನಗರದಲ್ಲಿ. ಆದರೂ ಪದ ಸಾಯಲಿಲ್ಲ.

ನೋವುಂಡವರ ನಡುವಿನ ಈ ಜಗಳದಲ್ಲಿ ತೀರ್ಪು ಕೊಡಲು ನಾವು ಹೊರಗಿನವರು. ಆದರೆ ನಮ್ಮ ಬಾಯಿಗೆ ನಾವು ಹೊಣೆಗಾರರು. ಪರಸ್ಪರ ಕೆಟ್ಟ ಅಡ್ಡಹೆಸರುಗಳಿಂದ ಕರೆಯಬಾರದೆಂದು ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಆದೇಶಿಸಿದೆ. ಹ. ಅಬೂದರ್ರ್(ರ) ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಅಬೂದರ್ರ್(ರ) ಆ ಮಾತನ್ನು ಮರೆಯಲಿಲ್ಲ. ಮುಂದೆ ತಾನು ಉಟ್ಟಂಥದ್ದೇ ಉಡುಪನ್ನು ತನ್ನ ಸೇವಕನಿಗೂ ತೊಡಿಸುತ್ತಿದ್ದರು.

ನಮ್ಮ ಮನೆಗಳಲ್ಲೇನಾಗುತ್ತಿದೆ? ಮಗುವಿನ ಬಣ್ಣ ನೋಡಿ ಅಡ್ಡಹೆಸರಿಡುತ್ತೇವೆ. ಹೆಣ್ಣು ನೋಡಲು ಹೋದಾಗ ದೀನಿಗಿಂತ ಮೊದಲು ಬಣ್ಣ ವಿಚಾರಿಸುತ್ತೇವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಮುಸ್ಲಿಮ್ ಸಹೋದರರೂ ಇದ್ದಾರೆ. ಅವರ ಕೂದಲನ್ನು, ಬಣ್ಣವನ್ನು ಕಂಡು ನಗುವ ಮುನ್ನ ಮೇಸನ್‌ನ ಆ ಬಾಲಕನನ್ನು ನೆನೆಯೋಣ. ತಮಾಷೆಗೆ ಹೇಳಿದೆ ಎಂದು ನಾವು ಮರೆತುಬಿಡುತ್ತೇವೆ. ಕೇಳಿದ ಮಗು ಮರೆಯುವುದಿಲ್ಲ.