ಕಾಳಿ ತೀರದ ಕಾಳಜಿ

ಡಾ. ಶಿವರಾಮ ಕಾರಂತರ ಹೆಸರನ್ನು ಕೇಳಿದೊಡನೆ ಕಾದಂಬರಿಗಳೂ ಯಕ್ಷಗಾನವೂ ನೆನಪಾಗುತ್ತವೆ. ಇಳಿವಯಸ್ಸಿನಲ್ಲಿ ಅವರು ಕೈಗೊಂಡ ಹೋರಾಟವೊಂದು ಅಷ್ಟೇ ಸ್ಮರಣೀಯವಾದುದು. ಕಣ್ಣಿಗೆ ಕಾಣದ ವಿಕಿರಣದಿಂದ ಜನಜೀವನಕ್ಕೆ ಒದಗಬಹುದಾದ ಕೇಡನ್ನು ಕುರಿತ ಹೋರಾಟವದು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. 1977ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ಸಂದಿತು. ಅವರು ವಿಜ್ಞಾನದ ವಿರೋಧಿಗಳಾಗಿರಲಿಲ್ಲ. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ರಚಿಸಿ ಕನ್ನಡಿಗರ ಮನೆಬಾಗಿಲಿಗೆ ವಿಜ್ಞಾನವನ್ನು ತಂದವರೇ ಅವರು.

1980ರ ದಶಕದಲ್ಲಿ ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರವನ್ನು ಕಟ್ಟುವ ಕಾರ್ಯ ಮೊದಲಾಯಿತು. ಅಣುಶಕ್ತಿಯ ಕ್ರೂರಮುಖವನ್ನು ಜಗತ್ತು ಅದಾಗಲೇ ಕಂಡಿತ್ತು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನಿಂದ ಬದುಕುಳಿದವರಲ್ಲಿ ಅನೇಕರು ವರ್ಷಗಳ ತರುವಾಯ ರಕ್ತದ ಕ್ಯಾನ್ಸರಿಗೆ ತುತ್ತಾದರು. ವಿಕಿರಣವು ಜೀವಕೋಶಗಳ ಒಳಹೊಕ್ಕು ಮಾಡುವ ಗಾಯ ಒಡನೆಯೇ ತೋರದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸ್ಫೋಟಗೊಂಡಾಗ ಲಕ್ಷಕ್ಕೂ ಮಿಕ್ಕ ಜನರು ಮನೆಮಠ ತೊರೆಯಬೇಕಾಯಿತು. ವಿದ್ಯುತ್ತಿಗಾಗಿ ಕಟ್ಟಿದ ಸ್ಥಾವರವೂ ವಿಪತ್ತನ್ನು ತರಬಲ್ಲದೆಂದು ಅದು ತೋರಿಸಿತು.

ಕಾರಂತರು ಸುಮ್ಮನೆ ಕೂರಲಿಲ್ಲ. ಭಾಷಣಗಳಿಂದಲೂ ಬರಹಗಳಿಂದಲೂ ಜನರನ್ನು ಎಚ್ಚರಿಸಿದರು. 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಪರಿಸರದ ಪರವಾಗಿ ಲೋಕಸಭಾ ಚುನಾವಣೆಗೂ ನಿಂತರು. ಅಧಿಕಾರದ ಆಸೆ ಅವರಿಗಿರಲಿಲ್ಲ. ಕೈಗಾದ ಪ್ರಶ್ನೆಯನ್ನು ಜನರ ಮುಂದಿಡುವುದೇ ಅವರ ಗುರಿಯಾಗಿತ್ತು. ಚುನಾವಣೆಯಲ್ಲಿ ಅವರು ಸೋತರು. ಸ್ಥಾವರದ ಕೆಲಸವೂ ನಿಲ್ಲಲಿಲ್ಲ.

1994ರ ಮೇ ತಿಂಗಳಲ್ಲಿ, ಕಟ್ಟಡ ಪೂರ್ಣಗೊಳ್ಳುವ ಮುನ್ನವೇ ಅದರ ಗುಮ್ಮಟದ ಒಳಭಾಗ ಕುಸಿಯಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅಪಾಯ ಒದಗಲಿಲ್ಲ. 1997ರ ಡಿಸೆಂಬರ್ 9ರಂದು ಕಾರಂತರು ನಿಧನರಾದರು. 2000ದಲ್ಲಿ ಕೈಗಾದಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಮೊದಲಾಯಿತು. ಮುಂದೆ ಅಲ್ಲಿಯ ಒಂದು ಘಟಕವು 2018ರ ಕೊನೆಯವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ದಾಖಲೆ ಸ್ಥಾಪಿಸಿತು. ಆದರೆ ಅದೇ ಸ್ಥಾವರದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿಗೆ ಟ್ರೀಷಿಯಂ ಬೆರೆತು, 50ಕ್ಕೂ ಹೆಚ್ಚು ಕೆಲಸಗಾರರ ದೇಹವನ್ನು ಸೇರಿತ್ತು. ಯಾರೋ ಬೇಕೆಂದೇ ಎಸಗಿದ ಕೃತ್ಯವದೆಂದು ಅಧಿಕಾರಿಗಳು ತಿಳಿಸಿದರು.

ಯಂತ್ರವೆಷ್ಟೇ ಸುಭದ್ರವಾಗಿದ್ದರೂ ಅದನ್ನು ನಡೆಸುವವನು ಮನುಷ್ಯ. ತಪ್ಪಾದಾಗ ನೋಯುವವನೂ ಮನುಷ್ಯನೇ. ವಿಜ್ಞಾನವನ್ನು ಪ್ರೀತಿಸುವವನೇ ಅದನ್ನು ಪ್ರಶ್ನಿಸಲೂ ಬೇಕೆಂಬುದನ್ನು ಕಾರಂತರು ಬದುಕಿ ತೋರಿಸಿದರು. ಚುನಾವಣೆಯ ಸೋಲು ಆ ಪ್ರಶ್ನೆಯ ಬೆಲೆಯನ್ನು ಕುಂದಿಸಲಿಲ್ಲ.