ಸುಳೇಭಾವಿಯಿಂದ ದೇವಾಸಕ್ಕೆ: ಕುಮಾರ ಗಂಧರ್ವರ ದೇಸಿ ಶೋಧ

ಹಿಂದುಸ್ತಾನಿ ಸಂಗೀತಕ್ಕೆ ಕನ್ನಡ ನಾಡಿನ ಕೊಡುಗೆಯನ್ನು ಕುರಿತು ಬರೆಯುವಾಗ ಕುಮಾರ ಗಂಧರ್ವರ ಹೆಸರನ್ನು ಸೇರಿಸುವುದು ರೂಢಿಯಾಗಿದೆ. ಆದರೆ ಅವರು ಬಾಳಿದ್ದು ಮಾಳವದಲ್ಲಿ. ಹಾಡುಗಳನ್ನು ಕಟ್ಟಿದ್ದು ಮುಖ್ಯವಾಗಿ ಮಾಳವಿ, ಹಿಂದಿ ನುಡಿಗಳಲ್ಲಿ. ಹುಟ್ಟೂರಿನ ಅಭಿಮಾನವನ್ನು ಬಿಟ್ಟರೆ ಕನ್ನಡ ಅಧ್ಯಯನಕ್ಕೆ ಅವರು ಯಾವ ನೆಲೆಯಲ್ಲಿ ಸಲ್ಲುತ್ತಾರೆ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಅವರ ಜೀವನವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬುದು ಅವರ ಮೂಲ ಹೆಸರು. 1924ರ ಏಪ್ರಿಲ್ 8ರಂದು ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಜನಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಬೆಳಗಾವಿಯಿಂದ ಖಾನಾಪುರದವರೆಗಿನ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಅಲ್ಲಿ ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿದ್ದವು. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಗಾಯಕರ ಹಾಡಿಕೆಯನ್ನು ಬಾಲಕ ಶಿವಪುತ್ರ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದನು. ಮಠಾಧೀಶರೊಬ್ಬರು ನೀಡಿದ ‘ಕುಮಾರ ಗಂಧರ್ವ’ ಎಂಬ ಬಿರುದೇ ಮುಂದೆ ಹೆಸರಾಯಿತು.

ಮುಂದೆ ಅವರು ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಷ್ಯರಾದರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾಗಿದ್ದ ದೇವಧರರು ಒಂದೇ ಘರಾಣೆಯ ಚೌಕಟ್ಟಿಗೆ ಕಟ್ಟುಬಿದ್ದವರಲ್ಲ. ಅನುಕರಣೆಯಲ್ಲಿ ಪಳಗಿದ್ದ ಬಾಲಪ್ರತಿಭೆ ವಿಚಾರವಂತ ಗಾಯಕನಾಗಿ ಬೆಳೆದದ್ದು ಇಲ್ಲಿಯೇ. 1947ರಲ್ಲಿ ಸಹಾಧ್ಯಾಯಿನಿ ಭಾನುಮತಿ ಕಂಸ ಅವರೊಡನೆ ವಿವಾಹವಾಯಿತು. ಅಷ್ಟರಲ್ಲಿ ಕ್ಷಯರೋಗ ತಗುಲಿತು. 1948ರಲ್ಲಿ ಹವೆಯ ಬದಲಾವಣೆಗಾಗಿ ದಂಪತಿಗಳು ಮಧ್ಯಭಾರತದ ದೇವಾಸಕ್ಕೆ ತೆರಳಿದರು. ಹಾಡುವುದನ್ನು ವೈದ್ಯರು ನಿಷೇಧಿಸಿದ್ದರು. ಭಾನುಮತಿಯವರು ಶಿಕ್ಷಕಿಯಾಗಿ ದುಡಿಯುತ್ತ ಅವರ ಶುಶ್ರೂಷೆ ಮಾಡಿದರು.

ಹಾಸಿಗೆ ಹಿಡಿದ ಈ ಮೌನದ ವರ್ಷಗಳೇ ಅವರ ಸಂಗೀತದ ತಿರುವು ಎಂಬುದು ಗಮನಾರ್ಹ. ಮಾಳವದ ಹೆಂಗಸರ ಹಾಡುಗಳನ್ನೂ ನಾಥಪಂಥದ ಸಾಧುಗಳ ನಿರ್ಗುಣ ಪದಗಳನ್ನೂ ಅವರು ಗಮನವಿಟ್ಟು ಕೇಳಿದರು. ನಾಲ್ಕೈದು ಸ್ವರಗಳಲ್ಲಿಯೇ ಸುಳಿಯುವ ಜನಪದ ಧಾಟಿಗಳಲ್ಲಿ ರಾಗಗಳ ಬೀಜವಿರುವುದನ್ನು ಕಂಡುಕೊಂಡರು. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಗುಣಮುಖರಾಗಿ 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನ ಬದಲಾಗಿತ್ತು. ಕುಗ್ಗಿದ ಶ್ವಾಸಶಕ್ತಿಗೆ ಹೊಂದುವಂತೆ ಸ್ವರಗುಚ್ಛಗಳು ಕಿರಿದಾದವು. ಆ ಮಿತಿಯೇ ಅವರ ಶೈಲಿಯ ಲಕ್ಷಣವಾಯಿತು.

ಜನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನು ರೂಪಿಸಿ ‘ಧುನ್ ಉಗಮ’ ರಾಗಗಳೆಂದು ಕರೆದರು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ದಲ್ಲಿ ಅವರ ಸ್ವಂತ ರಚನೆಗಳಿವೆ. ವಿಲಂಬಿತ ಗಾಯನವನ್ನು ಕಡೆಗಣಿಸಿದರು, ಘರಾಣೆಯ ಶಿಸ್ತನ್ನು ಮುರಿದರು ಎಂಬ ಆಕ್ಷೇಪಗಳನ್ನು ಅವರು ಎದುರಿಸಬೇಕಾಯಿತು. 1961ರಲ್ಲಿ ಭಾನುಮತಿಯವರು ತೀರಿಕೊಂಡರು. ಅನಂತರ ಕೈಹಿಡಿದ ವಸುಂಧರಾ ಅವರು ಸಹಗಾಯಕಿಯಾಗಿಯೂ ಜೊತೆಯಾದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಸಂದವು. 1992ರ ಜನವರಿ 12ರಂದು ದೇವಾಸದಲ್ಲಿ ನಿಧನರಾದರು.

ಪಂಪನ ಕಾಲದಿಂದಲೂ ಮಾರ್ಗ–ದೇಸಿಗಳ ಸಂಬಂಧ ಕನ್ನಡ ಕಾವ್ಯಚಿಂತನೆಯ ಮುಖ್ಯ ವಿಷಯವಾಗಿದೆ. ದೇಸಿಯು ಮಾರ್ಗಕ್ಕೆ ಅಲಂಕಾರವಲ್ಲ, ಅದರ ಮೂಲ ಎಂಬುದನ್ನು ಕುಮಾರ ಗಂಧರ್ವರು ನಾದದಲ್ಲಿ ಪ್ರಯೋಗಿಸಿ ತೋರಿಸಿದರು. ಕನ್ನಡ ಅಧ್ಯಯನಕ್ಕೆ ಅವರು ಸಲ್ಲುವುದು ಈ ನೆಲೆಯಲ್ಲಿ. 1931ರ ‘ಗರತಿಯ ಹಾಡು’ ಸಂಕಲನದಿಂದ ಮೊದಲುಗೊಂಡು ನಮ್ಮ ಜಾನಪದ ಸಂಗ್ರಹಗಳು ಹೆಚ್ಚಾಗಿ ಹಾಡಿನ ಮಾತನ್ನು ಉಳಿಸಿವೆ. ಧಾಟಿಯತ್ತ ಅಷ್ಟು ಗಮನ ಹರಿದಿಲ್ಲ. ಬೆಳಗಾವಿಯ ರಂಗಮಂದಿರವೊಂದು ಕುಮಾರ ಗಂಧರ್ವರ ಹೆಸರನ್ನು ಹೊತ್ತಿದೆ. ಬೆಳಗಾವಿ, ಖಾನಾಪುರಗಳ ಹಳ್ಳಿಗಳಲ್ಲಿ ಬೀಸುವ, ಕುಟ್ಟುವ ಹಾಡುಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವುಗಳ ಧಾಟಿಯನ್ನು ದಾಖಲಿಸಿದಲ್ಲಿ ಅದು ಅವರಿಗೆ ಸಲ್ಲುವ ಇನ್ನೂ ಉಚಿತವಾದ ಸ್ಮರಣೆಯಾದೀತು.