ಜ್ಯೋತ್ಪತ್ತಿಯ ಆಚಾರ್ಯ ಭಾಸ್ಕರರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಬಹುಕಾಲ ಗಣಿತವನ್ನು ಬೋಧಿಸಿದ ನನಗೆ ಭಾಸ್ಕರಾಚಾರ್ಯರ ಹೆಸರೇ ಮೊದಲು ನೆನಪಾಯಿತು. ಅವರಿಗೆ ನಾನು ಸಲ್ಲಿಸಬೇಕಾದ ಋಣವೊಂದಿದೆ.

ನಾನು ಹೊಸದಾಗಿ ಉಪಾಧ್ಯಾಯ ವೃತ್ತಿಗೆ ಸೇರಿದ್ದ ದಿನಗಳವು. ಹತ್ತನೆಯ ತರಗತಿಗೆ ತ್ರಿಕೋನಮಿತಿಯ ನಿತ್ಯಸಮೀಕರಣಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಹತ್ತು ಹತ್ತು ಸಲ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೆ. ಡೆಂಕಣಿಕೋಟೆಯ ಕಡೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು, ಸೈನ್ ವರ್ಗ ಮತ್ತು ಕೊಸೈನ್ ವರ್ಗಗಳ ಮೊತ್ತ ಯಾವಾಗಲೂ ಒಂದೇ ಏಕೆ ಆಗಬೇಕೆಂದು ಕೇಳಿದಳು. ನಾನೂ ಕನ್ನಡ ಮಾಧ್ಯಮದಲ್ಲಿ ಓದಿ, ಸೂತ್ರಗಳನ್ನು ಕಂಠಪಾಠ ಮಾಡಿಯೇ ಮೆಟ್ರಿಕ್ ಮುಗಿಸಿದವನು. ಉತ್ತರ ತಿಳಿಯದೆ ಆಕೆಯನ್ನು ಗದರಿಸಿ ಕುಳ್ಳಿರಿಸಿದೆ. ಆ ವರ್ಷ ಆಕೆ ಗಣಿತದಲ್ಲಿ ಉತ್ತೀರ್ಣಳಾಗಲಿಲ್ಲ; ಮರಳಿ ಶಾಲೆಗೆ ಬರಲೂ ಇಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟಾಗಲೇ ನನಗೆ ಭಾಸ್ಕರಾಚಾರ್ಯರ ನಿಜವಾದ ಪರಿಚಯವಾಯಿತು.

ಆಚಾರ್ಯರು ಜನಿಸಿದ್ದು ಶಾಲಿವಾಹನ ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ತಂದೆ ಮಹೇಶ್ವರರೇ ಅವರಿಗೆ ಗುರುಗಳು. ತಮ್ಮ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತಶಿರೋಮಣಿಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬುವು ಅದರ ನಾಲ್ಕು ಭಾಗಗಳು. ಕರಣಕುತೂಹಲವೆಂಬ ಗ್ರಂಥವನ್ನು 1183ರಲ್ಲಿ ಬರೆದಾಗ ಅವರಿಗೆ 69 ವರ್ಷ. ಲೀಲಾವತಿಯು ಅವರ ಮಗಳೆಂದೂ, ಜಲಘಟಿಕೆಯಲ್ಲಿ ಮುತ್ತು ಬಿದ್ದು ಆಕೆಯ ಮದುವೆಯ ಮುಹೂರ್ತ ತಪ್ಪಿತೆಂದೂ ಹೇಳುವ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅದು 1587ರಲ್ಲಿ ಫೈಜಿಯು ಮಾಡಿದ ಪಾರಸಿ ಅನುವಾದದಲ್ಲಿ ಬರುವುದೇ ಹೊರತು ಆಚಾರ್ಯರ ಗ್ರಂಥದಲ್ಲಿಲ್ಲ.

ನನ್ನ ಪ್ರಶ್ನೆಗೆ ಉತ್ತರವಿದ್ದುದು ಗೋಲಾಧ್ಯಾಯಕ್ಕೆ ಸೇರಿದ ಜ್ಯೋತ್ಪತ್ತಿ ಎಂಬ ಪ್ರಕರಣದಲ್ಲಿ. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವು ಬಿಲ್ಲಾದರೆ ಅದರ ತುದಿಗಳನ್ನು ಸೇರಿಸುವ ಗೆರೆ ಹೆದೆ. ಅದರ ಅರ್ಧವನ್ನೇ ಲೆಕ್ಕದಲ್ಲಿ ಜ್ಯಾ ಎಂದು ಕರೆದರು. ಈ ಮಾತು ಅರಬರಲ್ಲಿ ಜೀಬಾ ಆಗಿ, ಜೈಬ್ ಎಂದು ಓದಲ್ಪಟ್ಟು, ಲ್ಯಾಟಿನ್‌ನಲ್ಲಿ ಸೈನಸ್ ಎಂದು ಅನುವಾದಗೊಂಡಿತು. ನಮ್ಮ ಮಕ್ಕಳು ಹೆದರುವ ಸೈನ್ ನಮ್ಮ ಹೆದೆಯೇ. ಕೋನದ ಜ್ಯಾ ಒಂದು ಭುಜ, ಕೋಟಿಜ್ಯಾ ಇನ್ನೊಂದು ಭುಜ, ವೃತ್ತದ ತ್ರಿಜ್ಯವೇ ಕರ್ಣ. ಹೀಗೆ ಲಂಬಕೋನ ತ್ರಿಭುಜವಾದ ಮೇಲೆ ಎರಡು ವರ್ಗಗಳ ಮೊತ್ತ ತ್ರಿಜ್ಯದ ವರ್ಗಕ್ಕೆ ಸಮವಾಗದೆ ಇನ್ನೇನು? ತ್ರಿಜ್ಯವನ್ನು ಒಂದೆಂದು ಹಿಡಿದರೆ ಅದೇ ನಮ್ಮ ನಿತ್ಯಸಮೀಕರಣ.

ಆಚಾರ್ಯರು ಇಷ್ಟಕ್ಕೆ ನಿಲ್ಲಲಿಲ್ಲ. ಗ್ರಹಗಳ ಸ್ಥಾನವನ್ನು ಗಣಿಸಲು ಅನೇಕ ಕೋನಗಳ ಜ್ಯಾಗಳು ಬೇಕು, ಒಂದೊಂದನ್ನೂ ಅಳೆಯಲಾಗದು. ತಿಳಿದ ಎರಡು ಕೋನಗಳಿಂದ ತಿಳಿಯದ ಮೂರನೆಯದನ್ನು ಪಡೆಯುವ ನಿಯಮವನ್ನು ಅವರು ಭಾವನೆ ಎಂದು ಕರೆದರು. ಒಂದರ ಜ್ಯಾವನ್ನು ಇನ್ನೊಂದರ ಕೋಟಿಜ್ಯಾದಿಂದ ಗುಣಿಸಿ, ಅದಲುಬದಲು ಮಾಡಿ ಮತ್ತೊಮ್ಮೆ ಗುಣಿಸಿ, ಎರಡನ್ನೂ ತ್ರಿಜ್ಯದಿಂದ ಭಾಗಿಸಬೇಕು. ಕೂಡಿದರೆ ಕೋನಗಳ ಮೊತ್ತದ ಜ್ಯಾ, ಕಳೆದರೆ ವ್ಯತ್ಯಾಸದ ಜ್ಯಾ ದೊರೆಯುತ್ತದೆ.

ಪರಿಧಿಯನ್ನು 21600 ಕಲೆಗಳೆಂದು ಹಿಡಿದಾಗ ತ್ರಿಜ್ಯ ಸುಮಾರು 3438. ಆಗ 45 ಅಂಶದ ಜ್ಯಾ, ಕೋಟಿಜ್ಯಾ ಎರಡೂ 2431. 30 ಅಂಶದ ಜ್ಯಾ 1719, ಕೋಟಿಜ್ಯಾ 2977. ಇವುಗಳಿಂದ 15 ಅಂಶದ ಜ್ಯಾ ಬೇಕು. ಎರಡು ಗುಣಲಬ್ಧಗಳಲ್ಲಿಯೂ 2431 ಇರುವುದರಿಂದ ಅದನ್ನು ಹೊರಗೆ ತೆಗೆದು, 2977ರಲ್ಲಿ 1719ನ್ನು ಕಳೆದರೆ 1258. ಇದನ್ನು 2431ರಿಂದ ಗುಣಿಸಿ 3438ರಿಂದ ಭಾಗಿಸಿದರೆ ಸುಮಾರು 890. ಸುಲಭರೂಪಕ್ಕೆ ತರುವುದೆಂದರೆ ಇದೇ: ತಿಳಿದುದನ್ನು ಕಂಡುಹಿಡಿದು, ಅನಾವಶ್ಯಕವನ್ನು ಸರಿಸಿ, ತಿಳಿಯದುದನ್ನು ಮುಟ್ಟುವುದು. ಮುಂದೆ ನಾನು ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದು, ಗೂಟಕ್ಕೆ ಹಗ್ಗ ಕಟ್ಟಿ ವೃತ್ತ ಎಳೆಸಿ, ಭುಜಗಳನ್ನು ಅವರಿಂದಲೇ ಅಳೆಸಿದ ಬಳಿಕವಷ್ಟೇ ಸೂತ್ರವನ್ನು ಬರೆಯುತ್ತಿದ್ದೆ.

ಆಚಾರ್ಯರು ತಮ್ಮ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ತಿಳಿಸಿದ್ದಾರೆ. ಅದು ನಮ್ಮ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದಲ್ಲಿತ್ತೆಂದು ಕೆಲವರು ವಾದಿಸುತ್ತಾರೆ. ಗಡಿನಾಡಿನವರಾದ ನಮಗೆ ಇಂತಹ ವಾದಗಳು ಹೊಸವಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ತೆಲುಗುಗಳನ್ನಾಡುತ್ತ ಬೆಳೆದವರು ನಾವು. ಆಚಾರ್ಯರು ಬರೆದುದು ಸಂಸ್ಕೃತದಲ್ಲಿ; ಅದೇ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಗಣಿತಕ್ಕೆ ಗಡಿಯಿಲ್ಲ, ಆದರೆ ಮಗುವಿಗೆ ಅದು ಮೊದಲು ತಿಳಿಯಬೇಕಾದದ್ದು ಮನೆಯ ಮಾತಿನಲ್ಲಿ ಎಂಬುದು ನನ್ನ ಅನುಭವ.

ಆಚಾರ್ಯರ ಮಗ ಲಕ್ಷ್ಮೀಧರರು ಯಾದವ ದೊರೆ ಜೈತ್ರಪಾಲನ ಆಸ್ಥಾನ ವಿದ್ವಾಂಸರಾದರು. ಮೊಮ್ಮಗ ಚಂಗದೇವರು ಸಿಂಘಣನ ಆಸ್ಥಾನದ ಜ್ಯೋತಿಷಿಗಳು. ಅಜ್ಜನ ಗ್ರಂಥಗಳನ್ನು ಪಾಠ ಹೇಳುವುದಕ್ಕೆಂದೇ ಅವರು ಮಠವೊಂದನ್ನು ಸ್ಥಾಪಿಸಿದರೆಂದೂ ಅದಕ್ಕೆ 1207ರಲ್ಲಿ ದತ್ತಿ ದೊರೆಯಿತೆಂದೂ ಚಾಳೀಸಗಾವ್ ಬಳಿಯ ಪಾಟಣದ ಶಾಸನ ತಿಳಿಸುತ್ತದೆ. ಮೊಮ್ಮಗನು ಅಜ್ಜನಿಗಾಗಿ ಕಟ್ಟಿದ್ದು ಗೋಪುರವನ್ನಲ್ಲ, ಪಾಠಶಾಲೆಯನ್ನು.

ಐವತ್ತು ತುಂಬಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿಯೂ ಅಷ್ಟೇ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಏಕೆ ಎಂದು ಕೇಳಿದರೆ ಗದರಬೇಡಿ. ತಿಳಿಯದಿದ್ದರೆ ಅವರೊಡನೆ ಕುಳಿತು ವೃತ್ತವೊಂದನ್ನು ಎಳೆಯಿರಿ. ಅಂದು ಉತ್ತರ ಸಿಗದೆ ಹೋದ ಆ ಹುಡುಗಿಗೆ ಈ ಬರಹವೇ ನನ್ನ ತಡವಾದ ಉತ್ತರ.